ಎಣ್ಣೆಯ ಹೆಸರು ಎತ್ತಬೇಡಿ

ಹೆಂಡತಿ: ಟೋಪಿ ತೆಗೀರಿ ಅಂದೆ.

ಗಂಡ: ತೆಗೀತೀನಿ ಕಣೇ. ಡಾಕ್ಟ್ರು ಕೇಳಲಿ.

ಡಾಕ್ಟರಮ್ಮ: ನಾನು ಮೂರು ಸಲ ಕೇಳಿದೆ.

ಗಂಡ: ಮೂರು ಸಲ ಕೇಳಿದವರಿಗೆ ನಾಲ್ಕನೇ ಸಲ ಕೇಳೋದೇನು ಕಷ್ಟ?

ಹೆಂಡತಿ: ನೋಡಿ ಡಾಕ್ಟ್ರೇ, ಆರು ತಿಂಗಳಿಂದ ಇದೇ ಕಥೆ. ಊಟಕ್ಕೂ ಟೋಪಿ, ನಿದ್ದೆಗೂ ಟೋಪಿ. ಸ್ನಾನದ ಮನೇಲಿ ಏನು ಮಾಡ್ತಾರೋ ಗೊತ್ತಿಲ್ಲ, ಒಳಗಿಂದ ಅಗಳಿ ಹಾಕ್ಕೋತಾರೆ.

ಗಂಡ: ಸ್ನಾನಕ್ಕೆ ಎಲ್ಲರೂ ಅಗಳಿ ಹಾಕ್ಕೋತಾರೆ.

ಚರ್ಮದ ಡಾಕ್ಟರಮ್ಮನ ಕೋಣೆಯಲ್ಲಿ ಹೆಚ್ಚಿನ ಸಾಮಾನಿರಲಿಲ್ಲ. ಒಂದು ಮೇಜು, ಒಂದು ಎತ್ತರದ ಕುರ್ಚಿ, ಗೋಡೆಯ ಮೇಲೆ ಒಂದೇ ಒಂದು ಕೂದಲಿನ ಬುಡವನ್ನು ಮರದ ಕಾಂಡದಷ್ಟು ದಪ್ಪ ಮಾಡಿ ಬರೆದ ಚಿತ್ರ. ಎತ್ತರದ ಕುರ್ಚಿಯಲ್ಲಿ ಕುಳಿತಿದ್ದವನು ಕಾಳು ವ್ಯಾಪಾರಿ. ಸೆಕೆಗೆ ಫ್ಯಾನು ಕೂಡ ಬಿಸಿಗಾಳಿ ಕಾರುತ್ತಿದ್ದರೂ ಅವನ ತಲೆಯ ಮೇಲೆ ಉಣ್ಣೆಯ ಟೋಪಿಯಿತ್ತು. ಪಕ್ಕದಲ್ಲಿ ಹೆಂಡತಿ, ಹೆಂಡತಿಯ ತೊಡೆಯ ಮೇಲೆ ಚೀಲ, ಚೀಲದಲ್ಲಿ ಒಂದು ಬಾಟಲಿ. ಆಕೆ ಮನೆಯಲ್ಲೇ ಕಾಸುವ ತಲೆಗೆಣ್ಣೆ ಅದು. ಬೀದಿಯ ಇಪ್ಪತ್ತೆರಡು ಮನೆಗಳಿಗೆ ಹೋಗುತ್ತದೆ. ಇಪ್ಪತ್ತಾರು ವರ್ಷಗಳಿಂದ ಆ ಎಣ್ಣೆಗೆ ಇದ್ದದ್ದು ಒಂದೇ ಜಾಹೀರಾತು, ಗಂಡನ ತಲೆ. ಆ ಜಾಹೀರಾತಿನ ನಟ್ಟನಡುವೆ ಈಗ ತೂತು ಬಿದ್ದಿತ್ತು.

ಟೋಪಿ ಕೊನೆಗೂ ಇಳಿಯಿತು.

ಡಾಕ್ಟರಮ್ಮ: ಇದೆಲ್ಲಿಯ ಕೂದಲು?

ಗಂಡ: ನಂದೇ.

ಡಾಕ್ಟರಮ್ಮ: ನಿಮ್ಮದೇ ಇರಬಹುದು. ಬಂದದ್ದೆಲ್ಲಿಂದ?

ಹೆಂಡತಿ: ಎಡಗಿವಿ ಮೇಲಿಂದ. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಅರ್ಧ ಗಂಟೆ ಸಾಗಿಸ್ತಾರೆ. ಬಾಗಿಲ ಸಂದೀಲಿ ನೋಡಿದೀನಿ.

ಗಂಡ: ಮಾಲು ಹೆಚ್ಚಿಗೆ ಇರೋ ಕಡೆಯಿಂದ ಕಮ್ಮಿ ಇರೋ ಕಡೆಗೆ ಕಳಿಸೋದು. ವ್ಯಾಪಾರ ಅಂದ್ರೆ ಇಷ್ಟೇ ಅಲ್ವಾ ಡಾಕ್ಟ್ರೇ?

ಡಾಕ್ಟರಮ್ಮ ಸಾಗಿ ಬಂದ ಮಾಲನ್ನು ಒಂದು ಬೆರಳಿನಿಂದ ಮೂಲ ಸ್ಥಾನಕ್ಕೆ ಕಳಿಸಿ, ದೀಪವಿರುವ ಪುಟ್ಟ ಮಸೂರವನ್ನು ನೆತ್ತಿಗೆ ಹಿಡಿದರು.

ಡಾಕ್ಟರಮ್ಮ: ಹೂಂ. ಉರಿ ಇದೆಯಾ?

ಗಂಡ: ತಲೆ ಒಳಗಾ, ಹೊರಗಾ?

ಡಾಕ್ಟರಮ್ಮ: ಹೊರಗೆ.

ಗಂಡ: ಹೊರಗೂ ಇದೆ.

ಡಾಕ್ಟರಮ್ಮ: ತುರಿಕೆ?

ಹೆಂಡತಿ: ಗಿರಾಕಿ ಮುಂದೆ ಪೆನ್ಸಿಲ್ಲಲ್ಲಿ ಕೆರಕೋತಾರೆ. ಟೋಪಿ ಒಳಗೆ ಪೆನ್ಸಿಲ್ ತೂರಿಸಿ. ಮೊನ್ನೆ ಪೆನ್ಸಿಲ್ ಒಳಗೇ ಉಳಿದಿತ್ತು.

ಡಾಕ್ಟರಮ್ಮ: ನೋಡಿ ಯಜಮಾನರೇ. ಸಾಮಾನ್ಯವಾಗಿ ಕೂದಲು ಉದುರಿದರೂ ಅದು ಬರೋ ಸಣ್ಣ ತೂತು ಹಾಗೇ ಇರುತ್ತೆ. ನಿಮಗೆ ಇಲ್ಲಿ ತೂತೇ ಕಾಣ್ತಿಲ್ಲ. ಚರ್ಮ ನುಣ್ಣಗೆ ಹೊಳೀತಿದೆ. ಅಂಚಿನಲ್ಲಿ ಕೆಂಪಗಿದೆ, ಅಲ್ಲಿರೋ ಕೂದಲಿನ ಬುಡದಲ್ಲಿ ಹೊಟ್ಟು ಕಟ್ಟಿದೆ. ಒಳಗೊಳಗೇ ಗಾಯ ಆಗಿ, ಮಾಯ್ದು, ಕಲೆ ಬಿಡೋ ಜಾತಿ ಇರಬಹುದು.

ಗಂಡ: ಅಂದ್ರೆ ತಾತ್ಕಾಲಿಕ.

ಡಾಕ್ಟರಮ್ಮ: ನಾನು ಹಾಗೆ ಹೇಳಲಿಲ್ಲ.

ಗಂಡ: ಹೇಳೋಕೆ ಹೊರಟಿದ್ರಿ.

ಡಾಕ್ಟರಮ್ಮ: ಅಂಗಡಿ ಬಾಗಿಲು ಹಾಕಿದ್ರೆ ನಾಳೆ ತೆಗೀಬಹುದು. ಇದು ಹಾಗಲ್ಲ. ಬಾಗಿಲಿದ್ದ ಜಾಗಕ್ಕೆ ಗೋಡೆ ಕಟ್ಟಿಬಿಟ್ಟ ಹಾಗೆ.

ಗಂಡ: ಗೋಡೆ ಒಡೆಸೋಣ.

ಡಾಕ್ಟರಮ್ಮ: ಒಡೆಯೋಕಾಗಲ್ಲ. ಪಕ್ಕದ ಬಾಗಿಲುಗಳಿಗೂ ಗೋಡೆ ಏಳದ ಹಾಗೆ ತಡೀಬಹುದು. ಅದಕ್ಕೆ ಬೇಗ ಬರಬೇಕಿತ್ತು. ಸರಿ, ತಲೆಗೆ ಏನು ಹಚ್ಚುತೀರಿ?

ಈ ಪ್ರಶ್ನೆಗೆ ಹೆಂಡತಿ ಇಪ್ಪತ್ತಾರು ವರ್ಷಗಳಿಂದ ಕಾಯುತ್ತಿದ್ದಳೇನೋ. ಬಾಟಲಿ ಚೀಲದಿಂದ ಮೇಜಿಗೆ ಬಂದು ಕುಳಿತಿತು. ಗಂಡನಿಗೆ ಇದ್ದಕ್ಕಿದ್ದಂತೆ ಗೋಡೆಯ ಚಿತ್ರದ ಮೇಲೆ ವಿಪರೀತ ಆಸಕ್ತಿ ಹುಟ್ಟಿತು.

ಹೆಂಡತಿ: ಇದು. ನನ್ನ ಕೈಯಾರೆ ಕಾಸಿದ್ದು. ಮೂರು ದಿನ ಒಲೆ ಮುಂದೆ ನಿಲ್ಲಬೇಕು. ಇವರ ತಲೆಗೆ ದಿನಾ ಇದೇ. ಇವರ ಕೂದಲು ಹೇಗಿತ್ತು ಗೊತ್ತಾ ಡಾಕ್ಟ್ರೇ? ಬಾಚಣಿಗೆ ಒಳಗೆ ಹೋದ್ರೆ ದಾರಿ ಕೇಳಬೇಕಿತ್ತು.

ಡಾಕ್ಟರಮ್ಮ ಬರೆದುಕೊಂಡರು.

ಹೆಂಡತಿ: ಏನು ಬರೆದ್ರಿ?

ಡಾಕ್ಟರಮ್ಮ: ‘ತಲೆಗೆ ದಿನವೂ ಮನೆಯಲ್ಲಿ ಕಾಸಿದ ಎಣ್ಣೆ.’

ಹೆಂಡತಿ: ಅದನ್ಯಾಕೆ ಬರೆದ್ರಿ?

ಡಾಕ್ಟರಮ್ಮ: ನೀವೇ ಹೇಳಿದ್ರಲ್ಲಮ್ಮ.

ಹೆಂಡತಿ: ಹೇಳೋದು ಬೇರೆ, ಬರೆಯೋದು ಬೇರೆ! ಕಾಯಿಲೆ ಪಕ್ಕದಲ್ಲಿ ಯಾರ ಹೆಸರಿದ್ರೆ ಅವರೇ ಕಳ್ಳರು ಅಂತಾರೆ ಜನ. ರೀ, ನೀವಾದ್ರೂ ಹೇಳ್ರಿ. ಈ ಎಣ್ಣೆಯಿಂದ ನಿಮಗೆ ಒಂದು ದಿನ ತೊಂದರೆ ಆಗಿದೆಯಾ?

ಗಂಡ: (ಚಿತ್ರವನ್ನೇ ನೋಡುತ್ತ) ಒಂದು ದಿನಾನೂ ಇಲ್ಲ.

ಡಾಕ್ಟರಮ್ಮ: ದಿನಾ ಹಚ್ಚುತೀರಿ ತಾನೆ?

ಗಂಡ: ತಿಂಗಳಿಗೊಂದು ಬಾಟಲಿ ಖಾಲಿ ಆಗುತ್ತೆ.

ಈ ಉತ್ತರದಲ್ಲಿ ಒಂದೇ ಒಂದು ಸುಳ್ಳಿರಲಿಲ್ಲ. ವ್ಯಾಪಾರದಲ್ಲಿ ಪಳಗಿದವರು ಇಂಥ ಕಡೆ ಸುಳ್ಳು ಖರ್ಚು ಮಾಡುವುದಿಲ್ಲ.

ಡಾಕ್ಟರಮ್ಮ: ಇರಲಿ. ಅಂಚಿನಿಂದ ಒಂದು ಚೂರು ಚರ್ಮ ತೆಗೆದು ಲ್ಯಾಬಿಗೆ ಕಳಿಸ್ತೀನಿ. ಅದು ಬರೋವರೆಗೆ ಯಾವುದನ್ನೂ ಖಚಿತವಾಗಿ ಹೇಳಲ್ಲ.

ಗಂಡ: ಅಂಚಿಂದ ಯಾಕೆ? ಬೋಳಾಗಿರೋ ಕಡೆಯಿಂದ ತಗೊಳ್ಳಿ. ಅಲ್ಲಿ ಬೇಕಾದಷ್ಟು ಖಾಲಿ ಜಾಗ ಬಿದ್ದಿದೆ.

ಡಾಕ್ಟರಮ್ಮ: ಅಲ್ಲಿ ನೋಡೋಕೆ ಏನೂ ಉಳಿದಿಲ್ಲ. ಜಗಳ ಮುಗಿದ ಮನೆಗೆ ಹೋದ್ರೆ ಯಾರು ಯಾರಿಗೆ ಹೊಡೆದ್ರು ಅಂತ ಗೊತ್ತಾಗುತ್ತಾ? ಜಗಳ ನಡೀತಿರೋ ಕಡೆಗೇ ಹೋಗಬೇಕು. ಕೂದಲಿರೋ ಕಡೆಗೆ.

ಗಂಡ: ಇರೋದೇ ಇಷ್ಟು. ಅದರಲ್ಲೂ ಸ್ಯಾಂಪಲ್ಲಾ?

ತಟ್ಟೆಯಲ್ಲಿ ಸಲಕರಣೆ ಬಂತು. ಪೆನ್ಸಿಲ್ಲಿನ ಗಾತ್ರದ ಹಿಡಿ, ತುದಿಯಲ್ಲಿ ಚೂಪು ಅಂಚಿನ ಪುಟ್ಟ ಉಕ್ಕಿನ ಕೊಳವೆ. ಗಂಡ ಅದನ್ನು ನೋಡಿದ; ಹಳೆಯ ಪರಿಚಯದವರು ಅನಿರೀಕ್ಷಿತವಾಗಿ ಎದುರಾದಂತೆ ಕಣ್ಣರಳಿಸಿದ.

ಗಂಡ: ಇದು ನಮ್ಮ ಅಂಗಡಿದು!

ಹೆಂಡತಿ: ಅಯ್ಯೋ, ಹೌದಲ್ವಾ! ಡಾಕ್ಟ್ರೇ, ಇವರು ಕಾಳು ಕೊಳ್ಳೋಕೆ ಹೋದಾಗ ಮೂಟೆಗೆ ಚುಚ್ಚಿ ನೋಡೋ ಕೊಳವೆ ಥೇಟ್ ಹೀಗೇ ಇದೆ. ದೊಡ್ಡದು ಅಷ್ಟೇ.

ಡಾಕ್ಟರಮ್ಮ: ಹಾಗಾದ್ರೆ ವಿವರಿಸೋ ಕೆಲಸ ಉಳೀತು. ನೀವು ಮೂಟೆಗೆ ಮಾಡೋದನ್ನೇ ನಾನು ತಲೆಗೆ ಮಾಡ್ತೀನಿ.

ಗಂಡ: ಮೂಟೆ ಬೇರೆ, ತಲೆ ಬೇರೆ. ನಾನು ಚುಚ್ಚಿ ನೋಡಿದ ಮೇಲೆ ಕಾಳು ವಾಪಸು ಹಾಕ್ತೀನಿ.

ಹೆಂಡತಿ: ಎಂದು ಹಾಕಿದ್ರಿ? ಮನೇಲಿ ದಿನಾ ಬೇಯೋದು ಆ ಕಾಳೇ ತಾನೆ?

ಗಂಡ: ಲೇ, ಇಲ್ಲಿ ಯಾಕೆ ಅದೆಲ್ಲ?

ಹೆಂಡತಿ: ಮೂವತ್ತು ವರ್ಷ ಕಂಡವರ ಮೂಟೆಗೆಲ್ಲ ಚುಚ್ಚಿದೀರಿ. ಒಂದು ಮೂಟೆ ತಿರುಗಿಸಿ ಚುಚ್ಚಿದ್ರೆ ಇಷ್ಟು ಒದ್ದಾಟವೇ?

ಗಂಡ: ಮೂಟೆ ಯಾವತ್ತೂ ಅಮ್ಮಾ ಅಂದಿಲ್ಲ.

ಡಾಕ್ಟರಮ್ಮ: ನೀವೂ ಅನ್ನಲ್ಲ. ಮೊದಲು ಮರಗಟ್ಟೋಕೆ ಸೂಜಿ ಕೊಡ್ತೀನಿ.

ಗಂಡ: ಸೂಜಿಗೆ ಮೊದಲು ಏನು ಕೊಡ್ತೀರಿ?

ಸೂಜಿಗೆ ಮೊದಲು ಹೆಂಡತಿ ಕೈ ಕೊಟ್ಟಳು. ಗಂಡ ಅದನ್ನು ಹಿಂಡಿ ಹಿಡಿದ. ಕೆಲಸ ಐದು ನಿಮಿಷದ್ದು. ಎರಡು ಹೊಲಿಗೆಗೆ ಇನ್ನೆರಡು ನಿಮಿಷ. ಚೂರು ಚರ್ಮ ಡಬ್ಬಿಯಲ್ಲಿ ಕುಳಿತು ಲ್ಯಾಬಿಗೆ ಹೊರಟಾಗ ಗಂಡ ಅದನ್ನು ಬಗ್ಗಿ ನೋಡಿದ.

ಗಂಡ: ಮೂರು ಕೂದಲಿತ್ತು ಅದರಲ್ಲಿ. ಒಳ್ಳೇ ಮಾಲು.

*

ಹತ್ತು ದಿನ ಕಳೆದು ಹೊಲಿಗೆ ಬಿಚ್ಚಿ, ರಿಪೋರ್ಟು ಬಂದ ಬೆಳಿಗ್ಗೆ ಇಬ್ಬರೂ ಅದೇ ಆಸ್ಪತ್ರೆಯ ಗುಮಾಸ್ತನ ಕಿಟಕಿಯ ಮುಂದೆ ನಿಂತಿದ್ದರು. ಗಾಯಕ್ಕೆ ಗಾಳಿಯಾಡಲೆಂದು ಡಾಕ್ಟರಮ್ಮ ತೆಗೆಸಿದ್ದ ಟೋಪಿ ಗಂಡನ ಜೇಬಿನಲ್ಲಿತ್ತು, ನೆತ್ತಿಗೆ ಎಡಗಿವಿಯ ಮಾಲು ಸಾಗಿ ಬಂದಿತ್ತು. ಡಾಕ್ಟರು ಬರೆದ ಕಾಯಿಲೆಗಳಿಗೆಲ್ಲ ಒಂದು ಅಕ್ಷರ, ಎರಡು ಮೂರು ಅಂಕಿಗಳ ಕೋಡ್ ಹುಡುಕಿ ಹಾಕುವುದು ಈ ಗುಮಾಸ್ತನ ಕೆಲಸ. ಕೋಡ್ ಬಿದ್ದ ಮೇಲೆಯೇ ಚೀಟಿ ಪಕ್ಕದ ಔಷಧಿ ಕಿಟಕಿಗೆ ಹೋಗುತ್ತದೆ. ಇಪ್ಪತ್ತು ವರ್ಷ ಇದನ್ನೇ ಮಾಡಿ ಅವನಿಗೆ ಮನುಷ್ಯರು ಅಂಕಿಗಳಾಗಿ ಕಾಣುತ್ತಿದ್ದರು. ಅವನ ನೆತ್ತಿಯ ಬೆಳೆಯೂ ಅಷ್ಟೇನೂ ಹುಲುಸಾಗಿರಲಿಲ್ಲ. ಅವನು ಅಲುಗಾಡಿದಾಗಲೆಲ್ಲ ಕುರ್ಚಿ ಕಿರ್ರೋ ಎನ್ನುತ್ತಿತ್ತು. ಆ ಸದ್ದಿಗೆ ಅವನು ಒಗ್ಗಿಹೋಗಿದ್ದ. ಸಾಲಿನಲ್ಲಿ ನಿಂತವರು ಒಗ್ಗಿರಲಿಲ್ಲ.

ಗುಮಾಸ್ತ: ಗಾಯದ ಕಲೆ. ತಲೆ. (ಕಿರ್ರ್) ಬಿದ್ದಿದ್ದಾ?

ಗಂಡ: ಇಲ್ಲ.

ಗುಮಾಸ್ತ: ಸುಟ್ಟಿದ್ದಾ?

ಗಂಡ: ಇಲ್ಲ.

ಗುಮಾಸ್ತ: ಯಾರಾದ್ರೂ ಏನಾದ್ರೂ ತಗೊಂಡು...

ಹೆಂಡತಿ: ನನ್ನ ಕಡೆ ಯಾಕಪ್ಪಾ ನೋಡ್ತೀಯಾ?

ಗುಮಾಸ್ತ: ನೋಡಿಲ್ಲಮ್ಮ. ಕಲೆ ಅಂದ್ರೆ ಕಂಪ್ಯೂಟರು ಮೊದಲು ಇದನ್ನೇ ಕೇಳುತ್ತೆ. ಹಾಂ, ಎರಡನೇ ಹಾಳೆ ಇಲ್ಲಿದೆ. ಲೈಕನ್ ಪ್ಲೇನೋಪೈಲಾರಿಸ್. ತಾನಾಗೇ ಆಗೋದು. ಎಲ್ ಅರವತ್ತಾರು ಬಿಂದು ಒಂದು.

ಗಂಡ: ಅರವತ್ತಾರಾ? ಆವತ್ತು ಕೊಟ್ಟ ಚೀಟೀಲಿ ಅರವತ್ತೈದು ಅಂತಿತ್ತಲ್ಲ?

ಗುಮಾಸ್ತ: ಆವತ್ತು ಡಾಕ್ಟರಮ್ಮ ಕಲೆ ಬಿಡೋ ಜಾತಿ ‘ಇರಬಹುದು’ ಅಂತ ಬರೆದಿದ್ರು. ‘ಇರಬಹುದು’ ಅನ್ನೋದಕ್ಕೆ ನಮ್ಮಲ್ಲಿ ಕೋಡ್ ಇಲ್ಲ. ಅದಕ್ಕೆ ಬರೀ ಕೂದಲು ಉದುರೋದು ಅಂತ ಅರವತ್ತೈದಕ್ಕೆ ಹಾಕಿದ್ದೆ. ಈಗ ‘ಹೌದು’ ಅಂತ ಬಂದಿದೆ.

ಗಂಡ: ಎರಡಕ್ಕೂ ಏನು ವ್ಯತ್ಯಾಸ?

ಗುಮಾಸ್ತ: ಅರವತ್ತೈದರವರದು ಕಲೆ ಇಲ್ಲದೆ ಉದುರೋದು. ಮತ್ತೆ ಬಂದರೂ ಬರಬಹುದು. ಅರವತ್ತಾರರವರದು ಕಲೆ ಬಿಟ್ಟು ಹೋಗೋದು. ಹೋದದ್ದು ಹೋಯ್ತು.

ಗಂಡ ಕಿಟಕಿಗೆ ಇನ್ನಷ್ಟು ಹತ್ತಿರ ಬಂದ. ದನಿ ತಗ್ಗಿತು. ಅಂಗಡಿಯಲ್ಲಿ ಸಗಟು ವ್ಯಾಪಾರಿಗಳ ಜೊತೆ ಮಾತಾಡುವಾಗ ಬರುವ ದನಿ ಅದು.

ಗಂಡ: ಅರವತ್ತೈದಕ್ಕೆ ಮುಗಿಸಿ.

ಗುಮಾಸ್ತ: ಏನು?

ಗಂಡ: ನಿಮಗೂ ಬೇಡ, ನನಗೂ ಬೇಡ. ಒಂದು ಅಂಕಿ. ಅರವತ್ತೈದು.

ಗುಮಾಸ್ತ: ಯಜಮಾನರೇ, ಇದು ಚೌಕಾಸಿ ಮಾಡೋ ಜಾಗ ಅಲ್ಲ.

ಗಂಡ: ಸರಿ, ಅರವತ್ತೈದೂವರೆ.

ಗುಮಾಸ್ತ: ಅರವತ್ತೈದು ಬಿಂದು ಐದು ಅಂತ ನಮ್ಮ ಪಟ್ಟೀಲಿ ಯಾವ ಕಾಯಿಲೆಯೂ ಇಲ್ಲ.

ಗಂಡ: ಕಾಯಿಲೆಯೇ ಇಲ್ಲದ ನಂಬರು! ಇನ್ನೇನು ಬೇಕು? ಅದನ್ನೇ ಹಾಕಿ.

ಹೆಂಡತಿ: ರೀ, ನಂಬರು ನೋಡಿ ಕೂದಲು ಬರುತ್ತಾ? ಸುಮ್ಮನಿರಿ. ಅಪ್ಪಾ, ಅರವತ್ತಾರು ಇರಲಿ, ಎಪ್ಪತ್ತೇ ಇರಲಿ, ಅದರ ಕೆಳಗೆ ಏನಿದೆ ಓದು.

ಗುಮಾಸ್ತ: ಕೆಳಗೆ? (ಕಿರ್ರ್) ‘ತಲೆಗೆ ದಿನವೂ ಮನೆಯಲ್ಲಿ ಕಾಸಿದ ಎಣ್ಣೆ.’ ಇದಕ್ಕೂ ಒಂದು ಕೋಡ್ ನೋಡಬೇಕು. ಹೊರಗಿನ ಕಾರಣ ಅನ್ನೋ ವಿಭಾಗದಲ್ಲಿ ಸಿಗುತ್ತೆ ಅನ್ಸುತ್ತೆ.

ಹೆಂಡತಿ: ಕಾರಣ! ನೋಡಿದ್ರಾ, ನೋಡಿದ್ರಾ? ಕಾರಣ ಅಂತೆ! ನನ್ನ ಎಣ್ಣೆ ಕಾರಣ ಅಂತೆ! ಅಪ್ಪಾ, ಅದೊಂದು ಸಾಲು ಬಿಟ್ಟುಬಿಡು.

ಗುಮಾಸ್ತ: ಬಿಡೋ ಹಾಗಿಲ್ಲಮ್ಮ. ನಮ್ಮ ಕೆಲಸಕ್ಕೆ ಇರೋದು ಎರಡೇ ನಿಯಮ. ಬರೆದದ್ದನ್ನ ಬಿಡೋ ಹಾಗಿಲ್ಲ. ಬರೆಯದ್ದನ್ನ ಸೇರಿಸೋ ಹಾಗಿಲ್ಲ.

ಹೆಂಡತಿ: ಎಣ್ಣೆಯ ಹೆಸರು ಒಂದು ಎತ್ತಬೇಡ. ಬೇಕಾದ್ರೆ ನಾನೇ ಹೊಡೆದೆ ಅಂತ ಬರಕೋ.

ಗಂಡ: ಲೇ!

ಹೆಂಡತಿ: ನೀವು ಸುಮ್ಮನಿರಿ. ಆ ಔಷಧಿ ಕಿಟಕೀಲಿ ಯಾರು ಕೂತಿದಾಳೆ ನೋಡಿದ್ರಾ? ನಮ್ಮ ಬೀದಿ ಕೊನೇ ಮನೆಯವಳು. ಎರಡು ಜಡೆಗೂ ನನ್ನ ಎಣ್ಣೆಯೇ. ಈ ಚೀಟಿ ಅವಳ ಕೈಗೆ ಹೋಗಲಿ, ನಾವು ಮನೆ ಮುಟ್ಟೋ ಹೊತ್ತಿಗೆ ಇಪ್ಪತ್ತೆರಡು ಮನೆಯವರೂ ಬಾಟಲಿ ವಾಪಸು ತಂದು ಜಗುಲಿ ಮೇಲೆ ಸಾಲಾಗಿ ಇಟ್ಟಿರ್ತಾರೆ.

ಔಷಧಿ ಕಿಟಕಿಯಿಂದ ಎರಡು ಜಡೆಯವಳು ಕೈ ಬೀಸಿದಳು. ಹೆಂಡತಿ ಮುಖದ ತುಂಬ ನಗು ತಂದುಕೊಂಡು ಕೈ ಬೀಸಿ, ಮತ್ತೆ ಗುಮಾಸ್ತನ ಕಡೆ ತಿರುಗುವಷ್ಟರಲ್ಲಿ ಆ ನಗುವನ್ನು ತೆಗೆದಿಟ್ಟಿದ್ದಳು.

ಹೆಂಡತಿ: ಡಾಕ್ಟರಮ್ಮನ್ನ ಕರಿ.

ಡಾಕ್ಟರಮ್ಮ ಆಗಲೇ ಬಾಗಿಲಿಗೆ ಬಂದಿದ್ದರು. ಕಿಟಕಿಯ ಮುಂದಿನ ಗಲಾಟೆ ಅಷ್ಟಿತ್ತು.

ಡಾಕ್ಟರಮ್ಮ: ಏನಮ್ಮ ಇದು? ಎಣ್ಣೆಗೂ ಈ ಕಾಯಿಲೆಗೂ ಸಂಬಂಧ ಇಲ್ಲ. ಮೈ ಕಾಯೋ ಸಿಪಾಯಿಗಳೇ ದಾರಿ ತಪ್ಪಿ ಕೂದಲಿನ ಬುಡಕ್ಕೆ ಹೊಡೀತಿದ್ದಾರೆ. ಯಾಕೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ.

ಹೆಂಡತಿ: ಸಂಬಂಧ ಇಲ್ಲ ಅಂದಮೇಲೆ ಹೊಡೆದು ಹಾಕಿ ಆ ಸಾಲನ್ನ.

ಡಾಕ್ಟರಮ್ಮ: ಹಾಗೆ ಹೊಡೆದು ಹಾಕೋಕಾಗಲ್ಲ. ನಾಳೆಯಿಂದ ಅದೇ ಜಾಗಕ್ಕೆ ಮುಲಾಮು ಹಚ್ಚಬೇಕು. ಅದರ ಕೆಳಗೆ ಏನಿದೆ ಅಂತ ಮುಂದೆ ನೋಡೋ ಡಾಕ್ಟ್ರಿಗೂ ಗೊತ್ತಿರಬೇಕು. ಹಚ್ಚುತಾರೆ ಅನ್ನೋದು ನಿಜ ಆದ್ರೆ ಸಾಲು ಇರಬೇಕು. ಸುಳ್ಳಾದ್ರೆ ತೆಗೀತೀನಿ.

ಗುಮಾಸ್ತ: ಸರಿಯಾಗಿ ಹೇಳಿದ್ರಿ. (ಕಿರ್ರ್)

ಹೆಂಡತಿ: ನಿಜಾನೇ. ದಿನಾ ಹಚ್ಚುತಾರೆ. ಆದ್ರೂ...

ಗುಮಾಸ್ತ: (ಕಿರ್ರ್) ಹಾಗಾದ್ರೆ ನಾನು ಕೋಡ್ ಹಾಕೋದೇ. (ಕಿರ್ರ್‌ರ್)

ಈ ಹೊತ್ತಿನಲ್ಲಿ ಗಂಡ ಮಾಡಿದ ಕೆಲಸಕ್ಕೆ ಅವನ ತಲೆಯ ಅಪ್ಪಣೆ ಇರಲಿಲ್ಲ. ಕೈ ತಾನಾಗಿಯೇ ಮಾಡಿತು. ಕುರ್ಚಿಯ ಸದ್ದು ಅವನ ಹಲ್ಲಿಗೆ ಹತ್ತಿತ್ತು. ಇವತ್ತೂ ಹೆಂಡತಿಯ ಚೀಲದಲ್ಲೇ ಇದ್ದ ಎಣ್ಣೆಯ ಬಾಟಲಿ ಎಳೆದ, ಪಕ್ಕದ ಬಾಗಿಲಿನಿಂದ ಗುಮಾಸ್ತನ ಕೋಣೆಗೆ ನುಗ್ಗಿದ, ಮಂಡಿಯೂರಿದ, ಕುರ್ಚಿಯನ್ನು ಗುಮಾಸ್ತನ ಸಮೇತ ಅರ್ಧ ಸುತ್ತು ತಿರುಗಿಸಿದ.

ಗಂಡ: ಕಾಲು ಎತ್ತಿ. ಇನ್ನೊಂಚೂರು. ಹಾಂ. ಎರಡೇ ಹನಿ. ಹೆಚ್ಚು ಹಾಕಬಾರದು, ಧೂಳು ಹಿಡಿಯುತ್ತೆ. ಹಾಕಿ ಹತ್ತು ಎಣಿಸಬೇಕು, ಒಳಗೆ ಇಳಿಯೋವರೆಗೆ. ಈಗ ತಿರುಗಿ.

ಗುಮಾಸ್ತ ತಿರುಗಿದ. ಸದ್ದಿಲ್ಲ. ಇನ್ನೊಮ್ಮೆ ತಿರುಗಿದ. ಸಾಲಿನ ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು.

ಗಂಡ: ನೋಡಿ! ಇನ್ನು ಮೂರು ತಿಂಗಳು ಕಮಕ್ ಕಿಮಕ್ ಅನ್ನಲ್ಲ.

ಹೆಂಡತಿ: ಮೂರು ತಿಂಗಳು ಅಂತ ನಿಮಗೆ ಹೇಗೆ ಗೊತ್ತು?

ಗಂಡ ಮಂಡಿಯ ಮೇಲೆಯೇ ಇದ್ದ. ಏಳಲಿಲ್ಲ.

ಹೆಂಡತಿ: ಎರಡು ಹನಿ ಅಂತ ಹೇಗೆ ಗೊತ್ತು? ಹತ್ತು ಎಣಿಸಬೇಕು ಅಂತ?

ಗಂಡ: ಅಂದಾಜು.

ಹೆಂಡತಿ: ಅಂಗಡಿ ಶಟರು. ಎಳೆದ್ರೆ ಇಡೀ ಬೀದಿ ಏಳೋದು ಪಕ್ಕದ ಅಂಗಡೀದು. ನಮ್ಮದು ಬೆಕ್ಕಿನ ಹಾಗೆ ಏಳುತ್ತೆ. ಅದಕ್ಕೆ ಹಾಕ್ತೀರಾ?

ಗಂಡ: ಒಂಚೂರು.

ಹೆಂಡತಿ: ತಕ್ಕಡಿಗೆ?

ಗಂಡ: ಮುಳ್ಳು ಸರಿಯಾಗಿ ನಿಲ್ಲಬೇಕಲ್ಲ.

ಹೆಂಡತಿ: ಕೈಗಾಡಿ ಚಕ್ರ?

ಗಂಡ: ಅದಕ್ಕೆ ಜಾಸ್ತಿ ಬೇಕಾಗುತ್ತೆ.

ಹೆಂಡತಿ: ತಲೆಗೆ?

ಇಲ್ಲಿ ನೋಡಲು ಗೋಡೆಯ ಮೇಲೆ ಚಿತ್ರವಿರಲಿಲ್ಲ. ಗಂಡ ಕುರ್ಚಿಯ ಕಾಲನ್ನೇ ನೋಡಿದ.

ಗಂಡ: ಹಚ್ಚಿದ್ದೆ. ಮದುವೆ ಆದ ಹೊಸದರಲ್ಲಿ. ಒಂದು ಸಲ.

ಹೆಂಡತಿ: ಒಂದು ಸಲ!

ಗಂಡ: ಕಾಳಿನ ಅಂಗಡಿ ಕಣೇ! ಗಾಳೀಲೆಲ್ಲ ಹೊಟ್ಟು. ಸಂಜೆ ಹೊತ್ತಿಗೆ ತಲೆ ಅನ್ನೋದು ಹೊಟ್ಟಿನ ಬುಟ್ಟಿ ಆಗಿತ್ತು. ಗಿರಾಕಿ ಒಬ್ಬ ಕೈಯಾಡಿಸಿ ಬೆಲೆ ಎಷ್ಟು ಅಂತ ಕೇಳಿದ.

ಹೆಂಡತಿ: ಇಪ್ಪತ್ತಾರು ವರ್ಷ... ತಿಂಗಳಿಗೊಂದು ಬಾಟಲಿ... ಶಟರಿಗೆ!

ಗಂಡ: ನೀನು ಅಷ್ಟು ಪ್ರೀತಿಯಿಂದ ಕಾಸಿ ಕೊಡ್ತಿದ್ದೆ. ಚೆಲ್ಲೋಕೆ ಮನಸ್ಸು ಬರಲಿಲ್ಲ.

ಡಾಕ್ಟರಮ್ಮ: (ಲೇಖನಿ ತೆಗೆದು) ಅಂತೂ ಬಗೆಹರೀತು. ಎಣ್ಣೆ ನಿರಪರಾಧಿ. ಈ ಸಾಲು ತೆಗೆದೆ. ‘ತಲೆಗೆ ಎಣ್ಣೆ ಹಚ್ಚುವುದಿಲ್ಲ’ ಅಂತ ಬರೀತೀನಿ. ಈಗ ಸಮಾಧಾನ ತಾನೆ ಅಮ್ಮ?

ಹೆಂಡತಿಯ ಮುಖದಲ್ಲಿ ಸಮಾಧಾನ ಬಂತು, ಅರ್ಧ ದಾರಿಯಲ್ಲಿ ನಿಂತಿತು, ಹಿಂದಿರುಗಿ ಹೋಯಿತು. ಇಪ್ಪತ್ತೆರಡು ಮನೆಗಳಲ್ಲಿ ಒಂದೊಂದರ ಬಾಗಿಲಲ್ಲೂ ನಿಂತು ‘ನಮ್ಮವರ ಕೂದಲು ನೋಡಿ’ ಎಂದು ಆಕೆ ಹೇಳಿದ್ದ ದಿನಗಳೆಲ್ಲ ಒಟ್ಟಿಗೆ ಬಂದು ಕಣ್ಣ ಮುಂದೆ ನಿಂತವು.

ಹೆಂಡತಿ: ಬರೀಬೇಡಿ!

ಡಾಕ್ಟರಮ್ಮ: ಯಾಕಮ್ಮ?

ಹೆಂಡತಿ: ಹಚ್ಚೇ ಇಲ್ಲ ಅಂದ್ರೆ, ಇಷ್ಟು ವರ್ಷ ಇದ್ದ ಆ ಕೂದಲು ಎಲ್ಲಿಂದ ಬಂತು ಅಂತ ಕೇಳಲ್ವಾ ಜನ? ರೀ, ಎಲ್ಲಿಂದ ಬಂತು?

ಗಂಡ: ಅಪ್ಪನ ಕಡೆಯಿಂದ.

ಹೆಂಡತಿ: ನಿಮ್ಮಪ್ಪನ ಕಡೆಯಿಂದ! ಇಪ್ಪತ್ತಾರು ವರ್ಷ ಮಾವನೋರ ಕೂದಲು ತೋರಿಸಿ ನನ್ನ ಎಣ್ಣೆ ಮಾರಿದೀನಿ!

ಡಾಕ್ಟರಮ್ಮ: ಹಚ್ಚುತಾರೆ ಅಂತ ಬರೆದರೂ ಬೇಡ, ಹಚ್ಚಲ್ಲ ಅಂತ ಬರೆದರೂ ಬೇಡ. ನಾನು ಏನು ಬರೀಲಿ?

ಹೆಂಡತಿ: ಏನೂ ಬರೀಬೇಡಿ. ಎಣ್ಣೆ ಅನ್ನೋ ಪದಾರ್ಥ ಈ ಭೂಮಿ ಮೇಲೆ ಇದೆ ಅಂತಲೇ ನಿಮಗೆ ಗೊತ್ತಿಲ್ಲ.

ಡಾಕ್ಟರಮ್ಮ ಒಂದು ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿ, ಹಾಳೆಯನ್ನು ಗುಮಾಸ್ತನ ಕಡೆ ತಳ್ಳಿದರು. ಗುಮಾಸ್ತ ಸದ್ದಿಲ್ಲದ ಕುರ್ಚಿಯಲ್ಲಿ ರಾಜನಂತೆ ತೇಲಿಕೊಂಡು ಬಂದು ಓದಿದ.

ಗುಮಾಸ್ತ: ಅರವತ್ತಾರು ಬಿಂದು ಒಂದು. ಒಂದೇ ಸಾಲು. ಶುಭ್ರವಾಗಿದೆ. (ಮೆಲ್ಲಗೆ) ಡಾಕ್ಟ್ರೇ, ಗಂಡ ಹೆಂಡತಿ ನಡುವೆ ತಾಪತ್ರಯ ಅನ್ನೋದಕ್ಕೂ ನಮ್ಮಲ್ಲಿ ಕೋಡ್ ಇದೆ. ನೀವು ಬರೆದ್ರೆ ಹಾಕ್ತೀನಿ. ಝಡ್ ಅರವತ್ತಮೂರು.

ಗಂಡ: ಅರವತ್ತಮೂರಾ? (ಆಸೆಯಿಂದ) ಅದು ಅರವತ್ತಾರಕ್ಕಿಂತ ಕಮ್ಮಿ.

ಹೆಂಡತಿ: ಏಳ್ರಿ ಮೇಲೆ!

ಡಾಕ್ಟರಮ್ಮ: ಯಜಮಾನರೇ, ಮುಲಾಮು ದಿನಾ ಎರಡು ಹೊತ್ತು ಅಂಚಿಗೆ ಹಚ್ಚಬೇಕು. ಮಾತ್ರೆ ಬೇರೆ. ಬಿಟ್ಟರೆ ಹರಡುತ್ತೆ. ಎಡಗಿವಿ ಮೇಲೆ ದಾಸ್ತಾನಿದೆಯಲ್ಲ, ಅದೂ ಹೋಗುತ್ತೆ.

ಗಂಡ: ಹಚ್ಕೋತೀನಿ ಡಾಕ್ಟ್ರೇ.

ಹೆಂಡತಿ: ನೀವು ಹಚ್ಕೊಳ್ಳೋದು ಬೇಡ. ಅದೂ ಕೈಗಾಡಿಗೆ ಹೋಗುತ್ತೆ. ಎರಡು ಹೊತ್ತೂ ನಾನೇ ಹಚ್ಚುತೀನಿ, ಹತ್ತು ಎಣಿಸಿ.

ಗಂಡ: ಅಂದ್ರೆ ನೀನು ನನ್ನ ಮೇಲೆ ಕೋಪ ಮಾಡ್ಕೊಂಡಿಲ್ಲ?

ಹೆಂಡತಿ: ಕೋಪ ಮನೇಲಿದೆ. ಇಲ್ಲಿಗೆ ತಂದಿಲ್ಲ.

ಔಷಧಿ ಕಿಟಕಿಯಲ್ಲಿ ಎರಡು ಜಡೆ ಇತ್ತ ತಿರುಗಿತು. ಹೆಂಡತಿ ಗಂಡನ ಜೇಬಿಗೆ ಕೈ ಹಾಕಿ ಉಣ್ಣೆಯ ಟೋಪಿ ತೆಗೆದಳು.

ಹೆಂಡತಿ: ಟೋಪಿ ಹಾಕ್ಕೊಳ್ಳಿ.

ಗಂಡ: ತೆಗೀರಿ ತೆಗೀರಿ ಅಂತ ಆರು ತಿಂಗಳು ಪ್ರಾಣ ತಿಂದೆಯಲ್ಲೇ!

ಹೆಂಡತಿ: ಹಾಕ್ಕೊಳ್ಳಿ ಅಂದೆ. ಇನ್ನೊಂದು ತಲೆ ಸಿಗೋವರೆಗೆ.

ಟೋಪಿ ಕಿವಿಯವರೆಗೆ ಇಳಿಯಿತು. ಇಬ್ಬರೂ ಔಷಧಿ ಕಿಟಕಿಯ ಕಡೆ ನಾಲ್ಕು ಹೆಜ್ಜೆ ಹೋಗಿದ್ದರು. ಹಿಂದಿನಿಂದ ಗುಮಾಸ್ತ, ಯಾರಿಗೂ ಕೇಳದಿರಲಿ ಎಂಬ ದನಿಯಲ್ಲಿ ಕರೆದ.

ಗುಮಾಸ್ತ: ಅಮ್ಮಾ. ಒಂದು ಬಾಟಲಿ ನನಗೂ ಬೇಕಿತ್ತು.

ಹೆಂಡತಿ ನಿಂತಳು. ಮೊದಲು ಅವನ ಕುರ್ಚಿಯನ್ನು ನೋಡಿದಳು. ಆಮೇಲೆ ನಿಧಾನವಾಗಿ ಅವನ ನೆತ್ತಿಯನ್ನು ನೋಡಿದಳು.

ಹೆಂಡತಿ: ಯಾವುದಕ್ಕಪ್ಪಾ? ಕುರ್ಚಿಗಾ, ತಲೆಗಾ?

ಗುಮಾಸ್ತ ಸಾಲಿನಲ್ಲಿ ನಿಂತವರನ್ನೆಲ್ಲ ಒಮ್ಮೆ ನೋಡಿ, ಫೈಲು ಮುಚ್ಚಿದ.

ಗುಮಾಸ್ತ: ಅದನ್ನ ಎಲ್ಲೂ ಬರೆದಿಲ್ಲಮ್ಮ. ಬರೆಯದ್ದನ್ನ ನಾನು ಸೇರಿಸೋ ಹಾಗಿಲ್ಲ.